ಒಸಾಕಾದ ರಿಂಗ್‌ಸೈಡಿನಲ್ಲಿ ಹೊಸಕೆರೆಹಳ್ಳಿಯ ಜಯಮ್ಮ

ಸುದ್ದಗುಂಟೆಪಾಳ್ಯ

ಪವಿತ್ರಳ ಅಮ್ಮ ನಮ್ಮ ಜೊತೆ ಜಪಾನಿಗೆ ಹೊರಟು ನಿಂತದ್ದು ಒಂದೇ ಕಾರಣಕ್ಕೆ. ಮಗಳು ಒಮ್ಮೆಯಾದರೂ ಗೆಲ್ಲುವುದನ್ನು ಅವರು ಕಣ್ಣಾರೆ ನೋಡಬೇಕಿತ್ತು. ಒಸಾಕಾದಲ್ಲಿ ಪವಿತ್ರ ಸೋಲುವುದು ಆಗಲೇ ನಿಶ್ಚಯವಾಗಿತ್ತು. ಅದು ಪವಿತ್ರಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಜಯಮ್ಮನವರಿಗೆ ಮಾತ್ರ ಗೊತ್ತಿರಲಿಲ್ಲ.

ನಾನು ಗಿರಿನಗರದವಳು. ಹೊಟ್ಟೆಪಾಡಿಗೆ ಮದುವೆ, ನಾಮಕರಣಗಳ ಫೋಟೋ ತೆಗೆಯುತ್ತೇನೆ. ಮುಹೂರ್ತವಿಲ್ಲದ ಭಾನುವಾರಗಳಲ್ಲಿ ಕ್ಯಾಮೆರಾ ಎತ್ತಿಕೊಂಡು ಸುದ್ದಗುಂಟೆಪಾಳ್ಯದ ಒಂದು ಶೆಡ್ಡಿಗೆ ಹೋಗುತ್ತೇನೆ. ಮೊದಲು ಅದು ಟೈಲ್ಸ್ ಗೋಡೌನ್ ಆಗಿತ್ತು. ಈಗ ಒಂದಷ್ಟು ಹುಡುಗ ಹುಡುಗಿಯರು ಅಲ್ಲಿ ಕಬ್ಬಿಣದ ತೊಲೆ ಜೋಡಿಸಿ, ಮೇಲೆ ಹಲಗೆ ಹಾಸಿ, ಸುತ್ತ ಹಗ್ಗ ಬಿಗಿದು ಪ್ರೊ ರೆಸ್ಲಿಂಗ್ ಕಲಿಯುತ್ತಾರೆ. ಟಿವಿಯಲ್ಲಿ ಬರುವ ದೊಡ್ಡ ಕಂಪನಿಯ ಆಟ ಇದಲ್ಲ. ಜೆ.ಪಿ. ನಗರದ ಬ್ಯಾಡ್ಮಿಂಟನ್ ಹಾಲಿನಲ್ಲೋ, ಬಿಟಿಎಂನ ಯಾವುದಾದರೂ ಛತ್ರದಲ್ಲೋ ಇವರ ಷೋ ನಡೆಯುತ್ತದೆ. ಒಂದು ಸಲ ಛತ್ರದಲ್ಲಿ ಹಿಂದಿನ ದಿನದ ಮದುವೆಯ ಮಂಟಪವನ್ನೇ ತೆಗೆದಿರಲಿಲ್ಲ. ಸೇವಂತಿಗೆ ಹಾರಗಳ ಕೆಳಗೆ ಇವರು ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಿದ್ದರು. ನಾನು ರಿಂಗಿನ ಅಂಚಿಗೆ ಮೊಣಕಾಲೂರಿ ಕೂತು, ಹಗ್ಗಗಳ ನಡುವೆ ಲೆನ್ಸ್ ತೂರಿಸಿ ಅದನ್ನೆಲ್ಲ ಹಿಡಿಯುತ್ತಿದ್ದೆ.

ಈ ಆಟದಲ್ಲಿ ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮೊದಲೇ ಮಾತಾಗಿರುತ್ತದೆ. ಆದರೆ ಅದನ್ನು ಹೊರಗೆ ಯಾರಿಗೂ, ಮನೆಯವರಿಗೂ ಬಾಯಿ ಬಿಡಕೂಡದು ಎಂಬುದು ಆ ಶೆಡ್ಡಿನ ಕೋಚ್ ಹಾಕಿದ ಕಟ್ಟಪ್ಪಣೆ. ಪವಿತ್ರ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಅವಳು ಬನಶಂಕರಿಯ ಜಿಮ್ಮಿನಲ್ಲಿ ಟ್ರೈನರ್. ಅವರದು ಹೊಸಕೆರೆಹಳ್ಳಿಯ ಹಳೆಯ ಒಕ್ಕಲು ಮನೆತನ. ಹೊಲವೆಲ್ಲ ಸೈಟುಗಳಾಗಿ, ಈಗ ಬಾಡಿಗೆ ಮನೆಗಳ ಮೇಲೆ ಸಂಸಾರ ನಡೆಯುತ್ತದೆ. ಅವಳ ಅಜ್ಜ, ಅಪ್ಪನ ತಂದೆ, ಗರಡಿಮನೆಯ ಪೈಲ್ವಾನರಾಗಿದ್ದರು. ಹಾಗಾಗಿ ಹೆಣ್ಣುಮಗಳು ಕುಸ್ತಿ ಆಡುತ್ತೇನೆ ಎಂದಾಗ ಮನೆಯಲ್ಲಿ ಗೊಣಗುತ್ತಲೇ ಒಪ್ಪಿದ್ದರು. ಜಯಮ್ಮನವರ ಪಾಲಿಗೆ ಇದೂ ಅದೇ ಕುಸ್ತಿ. ಮಗಳು ಪ್ರತಿ ಸಲವೂ ಮೈ ನೋವು ಹೊತ್ತು ಬಂದು "ಸೋತೆ ಅಮ್ಮ" ಎನ್ನುವುದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ನಾನು ಇಂಟರ್ನೆಟ್ಟಿಗೆ ಹಾಕಿದ್ದ ಫೋಟೋಗಳನ್ನು ನೋಡಿ ಒಸಾಕಾದ ಒಂದು ಸಣ್ಣ ಹೆಂಗಸರ ತಂಡ ಪವಿತ್ರಳನ್ನು ಕರೆಯಿತು. ಫೋಟೋಗ್ರಾಫರೂ ಬರಲಿ ಎಂದಿತು. ಸುದ್ದಿ ತಿಳಿದ ದಿನ ಜಯಮ್ಮ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು.

"ರಶ್ಮಿ, ಇಲ್ಲಿ ಸೋತ್ರೆ ನಮ್ಮೊಳಗೇ ಇರತ್ತೆ. ಅಷ್ಟು ದೂರ ಹೋಗಿ ಸೋತ್ರೆ ಹೆಂಗಮ್ಮ? ಪಕ್ಕದಲ್ಲಿ ನಮ್ಮೋರು ಅಂತ ಒಬ್ರು ಕೂತಿದ್ರೆ ಧೈರ್ಯ ಬರತ್ತೆ. ನಾನೂ ಬರ್ತೀನಿ."

ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ನಿಜವಾದ ಕಾರಣ ಹೇಳುವ ಹಾಗಿರಲಿಲ್ಲ.

ಒಸಾಕಾ, ಇಳಿದ ದಿನ

ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಆಘಾತ ಮೌನದ್ದು. ರೈಲು ಕಿಕ್ಕಿರಿದು ತುಂಬಿತ್ತು. ಒಂದು ನರಪಿಳ್ಳೆಯೂ ಉಸಿರೆತ್ತುತ್ತಿರಲಿಲ್ಲ. ಅಂಥಲ್ಲಿ ಜಯಮ್ಮನವರ ಫೋನ್ ರಿಂಗಾಯಿತು. ಅವರು ಅಭ್ಯಾಸದಂತೆ ಸ್ಪೀಕರ್ ಹಾಕಿ ಮನೆಯವರ ಜೊತೆ ಮಾತಿಗಿಳಿದರು.

"ರೀ, ನೀರು ಬಂತಾ? ಸಂಪ್ ತುಂಬ್ತಾ? ಮೋಟಾರ್ ಆಫ್ ಮಾಡಿದ್ರಾ ಇಲ್ವಾ?"

ಬೋಗಿಗೆ ಬೋಗಿಯೇ ತಲೆ ತಗ್ಗಿಸಿ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಳ್ಳತೊಡಗಿತು. ಯಾರೂ ಗದರಲಿಲ್ಲ, ದುರುಗುಟ್ಟಲಿಲ್ಲ. ತಪ್ಪು ಮಾಡಿದವರು ತಾವೇ ಎಂಬಂತೆ ಮುಖ ಮಾಡಿಕೊಂಡರು. ನಮ್ಮ ಬನಶಂಕರಿ ಬಸ್ಸಿನಲ್ಲಾಗಿದ್ದರೆ ಹಿಂದಿನ ಸೀಟಿನವರು "ನಿಮ್ಮ ಕಡೆ ಕಾವೇರಿ ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ ಅಕ್ಕ?" ಎಂದು ಮಾತಿಗೆ ಬಂದಿರುತ್ತಿದ್ದರು. ಪವಿತ್ರ ಫೋನ್ ಕಿತ್ತುಕೊಂಡಳು. "ನೀರಿನ ವಿಷಯ ಮಾತಾಡಿದ್ರೆ ತಪ್ಪೇನೇ?" ಎಂದು ಜಯಮ್ಮ ಇನ್ನೂ ಜೋರಾಗಿ ಕೇಳಿದರು.

ಸ್ಟೇಷನ್ನಿನಲ್ಲಿ ನಮ್ಮನ್ನು ಕರೆದೊಯ್ಯಲು ಒಬ್ಬ ಕುಳ್ಳಗಿನ ಹೆಂಗಸು ಬಂದಿದ್ದರು. ಐವತ್ತು ದಾಟಿದ ವಯಸ್ಸು, ದಪ್ಪ ಕನ್ನಡಕ, ಭುಜಕ್ಕೆ ಬಟ್ಟೆ ಚೀಲ. ಹೆಸರು ಅಕೆಮಿ. ಬೆಳಗಿನ ಹೊತ್ತು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರಂತೆ. ಸೊಂಟ ಬಗ್ಗಿಸಿ ವಂದಿಸಿ, ನಾವು ಬೇಡವೆಂದರೂ ಜಯಮ್ಮನವರ ಸೂಟ್‌ಕೇಸನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿದರು. ತಂಡದ ಮ್ಯಾನೇಜರ್ ಇರಬೇಕು ಎಂದುಕೊಂಡು ನಾನು ಪವಿತ್ರಳನ್ನು ಕೇಳಿದೆ.

"ನಿನ್ನ ಎದುರಾಳಿ ಯಾವಾಗ ಸಿಗ್ತಾರೆ?"

"ಇವ್ರೇ ಅಕ್ಕ."

ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ವಿಷಯ ತಿಳಿದ ಜಯಮ್ಮನವರ ಮುಖ ಮಾತ್ರ ಅರಳಿತು. "ಪಾಪ, ಇವ್ರ ಮೇಲೆ ಕೈ ಮಾಡಕ್ಕೆ ನಮ್ಮ ಪವಿಗೆ ಮನಸ್ಸಾದ್ರೂ ಬರತ್ತಾ?" ಎಂದರು. ಬೆಂಗಳೂರು ಬಿಟ್ಟಾಗಿನಿಂದ ಅವರು ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ. ಆ ಗೆಲುವು ಅವರಿಗೆ ಕೈಗೆಟುಕಿದಂತೆಯೇ ಇತ್ತು.

ಭಾನುವಾರ ಮಧ್ಯಾಹ್ನ, ಸಭಾಂಗಣ

ಹಳೆಯ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಷೋ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. "ಇವ್ರೂ ನಮ್ಮ ಥರಾನೇ" ಎಂದು ಜಯಮ್ಮ ಖುಷಿಪಟ್ಟರು. ಟಾಯ್ಲೆಟ್ಟಿಗೆ ಹೋಗುವವರಿಗೆಂದೇ ಅಲ್ಲಿ ಬೇರೆ ಚಪ್ಪಲಿ ಇಟ್ಟಿರುತ್ತಾರೆ, ಅದು ಅಲ್ಲಿಂದ ಆಚೆ ಬರಕೂಡದು. ಜಯಮ್ಮ ಅದನ್ನೇ ಮೆಟ್ಟಿಕೊಂಡು ಪಟಪಟ ಸದ್ದು ಮಾಡುತ್ತ ಸಭಾಂಗಣದ ನಡುವೆ ನಡೆದು ಬಂದು ಮೊದಲ ಸಾಲಿನಲ್ಲಿ ಕೂತರು. ಎಲ್ಲರೂ ನೋಡಿದರು, ಯಾರೂ ಹೇಳಲಿಲ್ಲ. ಒಬ್ಬ ವಯಸ್ಸಾದ ಹೆಂಗಸು ಮೆಲ್ಲಗೆ ಬಂದು, ಬಗ್ಗಿ, ಆ ಚಪ್ಪಲಿಗಳನ್ನು ಅವರ ಕಾಲಿಂದ ಬಿಡಿಸಿ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಜಯಮ್ಮ "ಎಷ್ಟು ಮರ್ಯಾದೆ ಕೊಡ್ತಾರೆ ನೋಡು" ಎಂದರು.

ಅಲ್ಲಿನ ಫೋಟೋಗ್ರಾಫರುಗಳು ಕೆಲಸ ಶುರು ಮಾಡುವ ಮೊದಲು ಹಿಂದೆ ತಿರುಗಿ, ತಮ್ಮ ಬೆನ್ನು ಅಡ್ಡ ಬರುವುದಕ್ಕೆ ಪ್ರೇಕ್ಷಕರ ಕ್ಷಮೆ ಕೇಳಿದರು. ನಾನೂ ಕೇಳಿದೆ. ಜೆ.ಪಿ. ನಗರದಲ್ಲಿ "ಏ ಮೇಡಂ, ಸೈಡಿಗೆ ಬನ್ನಿ, ಏನೂ ಕಾಣ್ತಿಲ್ಲ" ಎಂದು ಬೈಸಿಕೊಂಡೇ ಕೆಲಸ ಮಾಡಿದವಳಿಗೆ ಬಗ್ಗಿದ ಸೊಂಟ ಹೊಸದು.

ಆಮೇಲೆ ಅಕೆಮಿ ಬಂದರು. ನಾನು ಗುರುತು ಹಿಡಿಯಲಿಲ್ಲ. ಕನ್ನಡಕವಿಲ್ಲ. ನರೆತ ಕೂದಲು ಬಿಚ್ಚಿ ಮುಖದ ಮೇಲೆ ಹರಡಿದೆ. ತುಟಿಗೆ ಕಪ್ಪು ಬಣ್ಣ, ಕೈಯಲ್ಲಿ ಬಿದಿರಿನ ಕೋಲು. ನಮ್ಮ ಸೂಟ್‌ಕೇಸ್ ಹೊತ್ತ ಹೆಂಗಸು ರಿಂಗಿಗೆ ಹತ್ತಿ ಕಿರುಚಿದ ರಭಸಕ್ಕೆ ನನ್ನ ಬೆರಳು ತಾನಾಗಿಯೇ ಒಂದು ಕೆಟ್ಟ ಫೋಟೋ ತೆಗೆಯಿತು.

ಗಂಟೆ ಹೊಡೆಯಿತು. ಅಕೆಮಿ ಅಂಗೈ ಬೀಸಿ ಪವಿತ್ರಳ ಎದೆಗೆ ಹೊಡೆದರು. ಒದ್ದೆ ಜಮಖಾನವನ್ನು ಒಗೆಯುವ ಕಲ್ಲಿಗೆ ಬಡಿದಂಥ ಸದ್ದು. ಸುದ್ದಗುಂಟೆಪಾಳ್ಯದಲ್ಲಿ ಇಷ್ಟು ವರ್ಷ ಅಂಥ ಹೊಡೆತ ನಾನು ಕೇಳಿರಲಿಲ್ಲ. ಲೆನ್ಸಿನಲ್ಲಿ ಪವಿತ್ರಳ ಕತ್ತಿನ ಕೆಳಗೆ ಐದೂ ಬೆರಳು ಕೆಂಪಗೆ ಮೂಡಿದ್ದು ಕಂಡಿತು. ಇನ್ನೊಂದು ಹೊಡೆತ, ಮತ್ತೊಂದು. ನಮ್ಮ ಕಡೆಯಾಗಿದ್ದರೆ ಈ ಹೊತ್ತಿಗೆ "ಬಿಡಬೇಡ ಮಗಾ, ತಿರುಗಿಸಿ ಕೊಡು" ಎಂದು ಹಾಲೇ ಹಾರಿಹೋಗುತ್ತಿತ್ತು. ಇಲ್ಲಿ ಪೂಜೆಗೆ ಕೂತವರಂತೆ ಕೂತಿದ್ದರು. ಆ ಮೌನದಲ್ಲಿ ಒಂದೊಂದು ಏಟೂ ಎರಡರಷ್ಟಾಗಿ ಕೇಳುತ್ತಿತ್ತು.

ಕೊನೆಗೆ ಅಕೆಮಿ ಪವಿತ್ರಳ ಕೂದಲು ಹಿಡಿದು ರಿಂಗಿನಿಂದ ಕೆಳಗೆಳೆದು ಕುರ್ಚಿಗಳ ನಡುವೆ ತಂದರು. ಜನ ತಮ್ಮ ಚೀಲಗಳನ್ನು ಎತ್ತಿಕೊಂಡು ಶಿಸ್ತಾಗಿ ಜಾಗ ಬಿಟ್ಟರು. ಜಯಮ್ಮ ಬಿಡಲಿಲ್ಲ. ಅವರ ಕಾಲ ಬಳಿಯೇ ಪವಿತ್ರಳನ್ನು ಮಂಡಿಯೂರಿಸಿ, ಅಕೆಮಿ ಹಿಂದಿನಿಂದ ಬಿದಿರು ಕೋಲನ್ನು ಅವಳ ಕತ್ತಿಗೆ ಅಡ್ಡ ಹಿಡಿದು ಎಳೆದರು. ಪವಿತ್ರ ಕಣ್ಣು ಮೇಲೆ ಮಾಡಿ, ನಾಲಿಗೆ ಚಾಚಿ, ಕೈ ಕಾಲು ಬಡಿದಳು. ಅದು ಅವಳು ಚೆನ್ನಾಗಿ ಮಾಡುವ ನಟನೆ. ನಾನು ಹತ್ತಾರು ಸಲ ಹಿಡಿದಿದ್ದೇನೆ.

ಜಯಮ್ಮ ಎದ್ದರು. ಅವರ ಕೈಯಲ್ಲಿ ಸದಾ ಇರುವ ಬಿಸಿನೀರಿನ ಸ್ಟೀಲ್ ಬಾಟಲಿ ಇತ್ತು. "ಬಿಡೇ ನನ್ನ ಮಗಳನ್ನ!" ಎಂದು ಕೂಗಿ ಅದನ್ನು ಎತ್ತಿ ಅಕೆಮಿಯ ಹಣೆಗೆ ಬಾರಿಸಿದರು.

ನಾನು ಕಿರುಚಬೇಕಿತ್ತು. ನನ್ನ ಬೆರಳು ಶಟರ್ ಒತ್ತುತ್ತಲೇ ಇತ್ತು.

ಅಕೆಮಿ ಕಡಿದ ಮರದಂತೆ ಉರುಳಿದರು. ಸಭಾಂಗಣ ಇಡೀ ಎದ್ದು ನಿಂತು ಹುಯ್ಯೆಂದು ಬೊಬ್ಬೆ ಹೊಡೆಯಿತು. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಈ ಹೆಂಗಸೂ ಆಟದ ಭಾಗ ಎಂದುಕೊಂಡಿರಬೇಕು. ಆದರೆ ನಾನು ಎರಡು ಅಡಿ ದೂರದಲ್ಲಿದ್ದೆ. ಹುಬ್ಬಿನ ಮೇಲೆ ಚರ್ಮ ಬಿರಿದು ನೆತ್ತರು ಕಣ್ಣಿಗೆ ಇಳಿಯುತ್ತಿತ್ತು. ಪವಿತ್ರಳ ಮುಖದಿಂದ ನಟನೆ ಬಿದ್ದುಹೋಯಿತು. ಅವಳು "ಅಮ್ಮಾ" ಎಂದದ್ದು ನನಗೆ ಕೇಳಿಸಿತು. ಅಕೆಮಿ ನೆಲದಿಂದಲೇ ಅವಳ ಮುಂಗೈ ಹಿಡಿದು ಕಿವಿಯಲ್ಲಿ ಒಂದೆರಡು ಇಂಗ್ಲಿಷ್ ಮಾತು ಹೇಳಿದರು. ಇಬ್ಬರೂ ತೆವಳಿಕೊಂಡು ರಿಂಗಿಗೆ ಹತ್ತಿದರು. ಅಕೆಮಿ ತೂರಾಡುತ್ತ ನಿಂತು, ಪವಿತ್ರ ಮುಟ್ಟಿದಷ್ಟಕ್ಕೇ ಅಂಗಾತ ಬಿದ್ದು, ಅವಳನ್ನು ತಮ್ಮ ಮೇಲೆಳೆದುಕೊಂಡರು. ಅಕೆಮಿಯ ಬೆನ್ನು ನೆಲ ಬಿಡುವ ಮೊದಲೇ ರೆಫರಿ ಮೂರೆಣಿಸಿದ. ಪವಿತ್ರಳ ಕೈ ಮೇಲೆತ್ತಿದ.

"ಗೆದ್ಲು! ರಶ್ಮಿ, ನಮ್ಮ ಪವಿ ಗೆದ್ಲು!" ಜಯಮ್ಮ ನನ್ನ ಹೆಗಲು ಹಿಡಿದು ಕುಣಿಸುತ್ತಿದ್ದರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಬಣ್ಣದ ಕೋಣೆ

ಒಳಗೆ ಅಕೆಮಿ ಕುರ್ಚಿಯಲ್ಲಿ ಒರಗಿದ್ದರು. ಇಬ್ಬರು ಹುಡುಗಿಯರು ಅವರ ಹಣೆಗೆ ಟವೆಲ್ ಒತ್ತಿ ಹಿಡಿದಿದ್ದರು. ಭವನದ ಮೇಲ್ವಿಚಾರಕ ಬಾಗಿಲಲ್ಲಿ ನಿಂತು ಏನೇನೋ ಹೇಳುತ್ತ ನಡುವೆ ಇಂಗ್ಲಿಷಿನಲ್ಲಿ ಪೊಲೀಸ್ ಎನ್ನುತ್ತಿದ್ದ. ಆ ಒಂದು ಪದ ನನಗೂ ಅರ್ಥವಾಯಿತು. ಅಕೆಮಿ ತಲೆ ಎತ್ತದೆ ಕೈ ಆಡಿಸಿ ಅವನನ್ನು ಕಳಿಸಿಬಿಟ್ಟರು.

ಜಯಮ್ಮ ಮಗಳನ್ನು ತಬ್ಬಿಕೊಳ್ಳಲು ಹೋದರು. ಪವಿತ್ರ ಅವರ ಕೈ ಕೊಡವಿದಳು.

"ಯಾಕಮ್ಮ ಹೊಡ್ದೆ?"

"ಸಾಯಿಸ್ತಿದ್ಲಲ್ಲೇ ನಿನ್ನ! ನೋಡ್ಕೊಂಡು ಕೂತಿರ್ಲಾ?"

"ಅವ್ರು ನನ್ನ ಕತ್ತು ಹಿಸುಕ್ತಾ ಇರ್ಲಿಲ್ಲ. ಕೋಲು ಕತ್ತಿಗೆ ತಾಕೂ ಇರ್ಲಿಲ್ಲ. ನಾನು ಸೋಲ್ಬೇಕಿತ್ತು ಅಮ್ಮ ಇವತ್ತು."

"ಸೋಲ್ಬೇಕಿತ್ತು ಅಂದ್ರೆ?"

"ಮೊದ್ಲೇ ಮಾತಾಗಿರತ್ತೆ. ಯಾರು ಗೆಲ್ಲೋದು, ಯಾರು ಸೋಲೋದು. ಇಲ್ಲೂ ಅಷ್ಟೇ, ಊರಲ್ಲೂ ಅಷ್ಟೇ. ಎಲ್ಲಾ ಸಲಾನೂ ಅಷ್ಟೇ. ಇವತ್ತು ನೀನು ಹೊಡ್ದಿದ್ದಕ್ಕೆ ಅವ್ರು ಆಟ ಬದಲಾಯಿಸಿ ನನ್ನ ಗೆಲ್ಸಿದ್ರು."

ಬಾಟಲಿ ಇನ್ನೂ ಜಯಮ್ಮನವರ ಕೈಯಲ್ಲೇ ಇತ್ತು. ಅದನ್ನು ನೋಡಿದರು, ಟವೆಲ್ಲಿನ ಕೆಂಪು ನೋಡಿದರು.

"ಹಂಗಾದ್ರೆ ಇಡೀ ಹಾಲ್‌ನಲ್ಲಿ ನಿಜವಾಗ್ಲೂ ಹೊಡ್ದಿದ್ದು ನಾನೊಬ್ಳೇನಾ?"

ಜಯಮ್ಮ ಗೋಡೆ ಹಿಡಿದು ನೆಲಕ್ಕೆ ಕುಸಿದರು. ಹೀಗೆ ಕೂತ ಹೆಂಗಸರನ್ನು ನಾನು ಸಾವಿನ ಮನೆಗಳಲ್ಲಿ ಮಾತ್ರ ನೋಡಿದ್ದೆ.

"ನಿಮ್ಮಜ್ಜ ಮಣ್ಣಿಗೆ ಕೈ ಮುಗಿದು ಅಖಾಡಕ್ಕೆ ಇಳೀತಿದ್ರು ಕಣೇ. ನೀನು ಸುಳ್ಳಾಟ ಆಡಿ ಬಂದು ನನ್ನ ಮುಂದೆ ಸೋತೆ ಸೋತೆ ಅಂತಿದ್ದೆ. ನಾನು ದೇವ್ರಿಗೆ ಹರಕೆ ಹೊತ್ಕೋತಿದ್ದೆ. ಸಾಕು. ಊರಿಗೆ ಹೋದ್ಮೇಲೆ ಇದೆಲ್ಲ ನಿಲ್ಸು."

ಆಸ್ಪತ್ರೆ

ಅಕೆಮಿಗೆ ಹೊಲಿಗೆ ಹಾಕಿಸಲು ನಾವೂ ಜೊತೆಗೆ ಹೋದೆವು. ಗಾಯ ಹೇಗಾಯಿತು ಎಂದು ವೈದ್ಯೆ ಕೇಳಿದಾಗ ಅವರು ಒಂದೇ ಮಾತಿನಲ್ಲಿ ಉತ್ತರಿಸಿದರು. ನಾನು ಫೋನಿನ ಅನುವಾದ ಯಂತ್ರ ಹಿಡಿದೆ. "ಕೆಲಸದಲ್ಲಿ" ಎಂದಿದ್ದರು.

ಹೊರಗಿನ ಬೆಂಚಿನಲ್ಲಿ ಜಯಮ್ಮ ನನ್ನ ಕಡೆ ಕೈ ಚಾಚಿದರು. "ನೀನು ಫೋಟೋ ತೆಗ್ದಿದ್ಯಲ್ಲ, ತೋರ್ಸು."

"ಬೇಡ ಆಂಟಿ."

"ತೋರ್ಸು ಅಂದೆ."

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಅವರನ್ನು ಅವರಿಗೇ ತೋರಿಸಿದೆ. ಎತ್ತಿದ ಕೈ, ಕಚ್ಚಿದ ಹಲ್ಲು, ಕಿತ್ತುಬರುವಂಥ ಕಣ್ಣು. ಫೋಟೋ ಎಂದು ನೋಡಿದರೆ ನಾನು ಈವರೆಗೆ ತೆಗೆದದ್ದರಲ್ಲೇ ಒಳ್ಳೆಯದು. ಹಾಗೆ ಅನ್ನಿಸಿದ್ದಕ್ಕೆ ನನಗೇ ಹೇಸಿಗೆಯಾಯಿತು. ಜಯಮ್ಮ ಬಹಳ ಹೊತ್ತು ನೋಡಿದರು.

"ನಮ್ಮತ್ತೆ ನನ್ನ ಮೇಲೆ ಕೈ ಎತ್ತುವಾಗ ಅವ್ರ ಮುಖ ಹಿಂಗೇ ಇರ್ತಿತ್ತು," ಎಂದರು. ಪವಿತ್ರ ತಿರುಗಿ ತಾಯಿಯನ್ನು ನೋಡಿದಳು. ಪೈಲ್ವಾನರ ಹೆಂಡತಿಯ ವಿಷಯ ಆ ಮನೆಯಲ್ಲಿ ಯಾರೂ ಹಾಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ ಎಂಬುದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

ಅಕೆಮಿ ಹಣೆಗೆ ಬ್ಯಾಂಡೇಜ್ ಕಟ್ಟಿಸಿಕೊಂಡು ಹೊರಬಂದರು. ಜಯಮ್ಮ ಎದ್ದು ಅವರ ಕಾಲು ಮುಟ್ಟಲು ಬಗ್ಗಿದರು. ಅಕೆಮಿ ಹೆದರಿದವರಂತೆ ಹಿಂದೆ ಸರಿದು, ನನ್ನ ಫೋನ್ ಕೇಳಿ ತೆಗೆದುಕೊಂಡು ಅದಕ್ಕೆ ಮಾತಾಡಿದರು. ಮುಖದಲ್ಲಿ ನಗುವಿರಲಿಲ್ಲ. ನಾನು ಓದಿ ಹೇಳಿದೆ. "ನಿಮಗೆ ಹೊಡೆಯಲು ಬರುವುದಿಲ್ಲ. ನಾಳೆ ಬೆಳಿಗ್ಗೆ ಅಭ್ಯಾಸದ ಕೋಣೆಗೆ ಬನ್ನಿ."

ಪವಿತ್ರ "ಬೇಡ, ಹೋಗೋದ್ ಬೇಡ" ಎಂದಳು. ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಹೋಗೋಣ. ಹೊಡೆದ ಮೇಲೆ ಹೊಡೆಸ್ಕೋಬೇಕು. ಅವ್ರು ನ್ಯಾಯ ಕೇಳ್ತಿದಾರೆ."

ಸೋಮವಾರ ಬೆಳಿಗ್ಗೆ

ರೈಲು ಸೇತುವೆಯ ಕೆಳಗಿನ ಒಂದು ಕೋಣೆ. ಮೇಲೆ ರೈಲು ಹೋದಾಗಲೆಲ್ಲ ಹಗ್ಗಗಳು ನಡುಗುತ್ತಿದ್ದವು. ಜಯಮ್ಮ ಸೀರೆಯ ಒಳಗೆ ಮಗಳ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದಿದ್ದರು. ತಾಳಿಸರವನ್ನು ಬೆನ್ನ ಹಿಂದೆ ಸರಿಸಿಕೊಂಡು, ರಿಂಗಿನ ನಡುವೆ ಕಣ್ಣು ಮುಚ್ಚಿ ನಿಂತರು.

ಅಕೆಮಿ ಹೊಡೆಯಲಿಲ್ಲ. ಅವರ ಭುಜ ಹಿಡಿದು ಕುಕ್ಕರಗಾಲಿನಲ್ಲಿ ಕೂರಿಸಿದರು. ಗಲ್ಲವನ್ನು ಎದೆಗೆ ಒತ್ತಿದರು. ಎರಡೂ ತೋಳುಗಳನ್ನು ಬಿಡಿಸಿ ಅಂಗೈ ಕೆಳಗೆ ಮಾಡಿದರು. ತಾವೂ ಪಕ್ಕದಲ್ಲಿ ಹಾಗೇ ಕೂತು ಹಿಂದಕ್ಕೆ ಬಿದ್ದು ತೋರಿಸಿದರು. ಹಣೆಯ ಹೊಲಿಗೆ ಇನ್ನೂ ಹಸಿಯಾಗಿರುವಾಗ!

"ಬೀಳೋದು ಕಲಿಸ್ತಿದಾರೆ ಅಮ್ಮ," ಎಂದಳು ಪವಿತ್ರ. "ನಮಗೂ ಮೊದಲು ಇದೇ. ಹೊಡೆಯೋದು ಎಲ್ಲ ಆಮೇಲೆ."

ಜಯಮ್ಮ ಅನುಮಾನದಿಂದ ಹಿಂದಕ್ಕೆ ಜಾರಿದರು. ಕುಕ್ಕರಗಾಲಿನಿಂದ ನೆಲ ಎಷ್ಟು ದೂರ? ಆದರೂ ಬೆನ್ನು ಬಡಿದ ಸದ್ದಿಗೆ ಕೋಣೆ ಅದುರಿತು. ಅವರ ಉಸಿರು ನಿಂತಿತು. ಬಾಯಿ ತೆರೆದು ಮುಚ್ಚಿತು, ದನಿ ಬರಲಿಲ್ಲ. ಪವಿತ್ರ ಹಗ್ಗದೊಳಗೆ ನುಗ್ಗಿದಳು. ಜಯಮ್ಮ ಮಲಗಿದಲ್ಲೇ ಕೈ ಎತ್ತಿ ತಡೆದರು. ಉಸಿರು ಬಂದ ಮೇಲೆ ಅಂಗೈಯಿಂದ ಕೆಳಗಿನ ಬಟ್ಟೆಯನ್ನು ತಟ್ಟಿ ನೋಡಿದರು.

"ಇದು ಹಲಗೆ ಕಣೇ."

"ಹೂಂ ಅಮ್ಮ."

"ಹಾಸಿಗೆ ಇರತ್ತೆ ಅನ್ಕೊಂಡಿದ್ದೆ. ಸುಳ್ಳಾಟ ಅಂದ್ಯಲ್ಲ."

"ಸುಳ್ಳಾಟ ಅಂದಿದ್ದು ನೀನು. ಗೆಲ್ಲೋದು ಸೋಲೋದು ಮಾತಾಗಿರತ್ತೆ ಅಂತ ಅಷ್ಟೇ ನಾನು ಹೇಳಿದ್ದು."

ಜಯಮ್ಮ ಎದ್ದು ಕೂತರು. ಮಗಳನ್ನು ಹತ್ತಿರ ಎಳೆದು, ಬೆನ್ನ ಮೇಲಿನ ಟೀ ಶರ್ಟು ಎತ್ತಿದರು. ಭುಜದ ಮೂಳೆಯಿಂದ ಸೊಂಟದವರೆಗೆ ಕಲೆಗಳು. ಕೆಲವು ನೇರಳೆ, ಕೆಲವು ಹಳದಿಗೆ ತಿರುಗಿದ್ದವು. ಇಷ್ಟು ವರ್ಷ ಅವಳ ಸಾವಿರಾರು ಫೋಟೋ ತೆಗೆದ ನಾನೂ ಆ ಬೆನ್ನನ್ನು ನೋಡಿರಲಿಲ್ಲ. ಕ್ಯಾಮೆರಾ ಕೆಳಗಿಟ್ಟುಬಿಟ್ಟೆ. ಜಯಮ್ಮ ಒಂದೊಂದೇ ಕಲೆಯ ಮೇಲೆ ಬೆರಳಿಟ್ಟರು. ಬೈಯಲಿಲ್ಲ, ಅಳಲಿಲ್ಲ. ಟೀ ಶರ್ಟು ಇಳಿಸಿ ಸರಿಮಾಡಿದರು. ಮೇಲೆ ಒಂದು ರೈಲು ಹಾದುಹೋಯಿತು.

ಆಮೇಲೆ ಅವರು ನಿಧಾನಕ್ಕೆ ರಿಂಗಿನಿಂದ ಇಳಿದು ಬಂದು, ನನ್ನ ಪಕ್ಕದಲ್ಲಿ, ಫೋಟೋಗ್ರಾಫರುಗಳು ಕೂರುವ ಅಂಚಿನಲ್ಲಿ, ಮೊಣಕಾಲೂರಿ ಕೂತರು. ಗಲ್ಲ ಹಲಗೆಯ ಮಟ್ಟಕ್ಕೆ ಬಂತು.

"ನಿಂತ್ಕೊಂಡೇ ಬೀಳು ನೋಡೋಣ," ಎಂದರು ಮಗಳಿಗೆ. "ನಿನ್ನೆ ನಾನು ಏನೂ ನೋಡಿಲ್ಲ ಕಣೇ. ಗೆಲ್ತಾಳಾ, ಸೋಲ್ತಾಳಾ, ಅದೊಂದೇ ನೋಡ್ತಿದ್ದೆ."

ಪವಿತ್ರ ಅಕೆಮಿಯ ಕಡೆ ನೋಡಿದಳು. ಅಕೆಮಿ ತಲೆಯಾಡಿಸಿದರು. ಪವಿತ್ರ ರಿಂಗಿನ ನಡುವೆ ನಿಂತು, ಉಸಿರೆಳೆದುಕೊಂಡು, ನಿಂತ ಎತ್ತರದಿಂದ ಬೆನ್ನು ಕೆಳಗಾಗಿ ಬಿದ್ದಳು. ಹಲಗೆಗಳು ಗುಡುಗಿದವು, ಧೂಳು ನಮ್ಮ ಮುಖಕ್ಕೆ ಹಾರಿತು. ಜಯಮ್ಮ ಕಣ್ಣು ಮುಚ್ಚಲಿಲ್ಲ.